ಕಲ್ಲಿನ ಜೊತೆ ಬಂದವರು

ಮಳೆಗಾಲದಲ್ಲಿ ತೋಟದಿಂದ ಬಂದ ಕೂಡಲೇ ಕಾಲಿಗೆ ಹತ್ತಿದ ಜಿಗಣೆ ಕೀಳುವುದು ನಮ್ಮ ಮೊದಲ ಕೆಲಸ. ಕರೆಯದೆ ಬಂದವರ ಮೇಲೆ ನನಗೆ ಕರುಣೆ ಕಡಿಮೆ. ಹಾಗಾಗಿ ನನ್ನ ರೀಫ್ ಟ್ಯಾಂಕಿನ, ಅಂದರೆ ಕಡಲ ಜೀವಿಗಳನ್ನು ಸಾಕುವ ಉಪ್ಪುನೀರಿನ ಅಕ್ವೇರಿಯಂನ, ಕಲ್ಲಿನೊಳಗಿಂದ ಒಂದು ರಾತ್ರಿ ಗೇಣುದ್ದದ ಹುಳ ಹೊರಬಂದಾಗ ನಾನು ಹುಡುಕಿದ್ದು ಚಿಮಟವನ್ನು.

ಕಲ್ಲು ನಮ್ಮೂರಿನದ್ದಲ್ಲ. ಬೆಂಗಳೂರಿನ ಪರಿಚಯದವರೊಬ್ಬರು ತಮ್ಮ ಟ್ಯಾಂಕ್ ಮುಚ್ಚುವಾಗ 8 ಕೆಜಿ ಹಳೆ ಕಲ್ಲು ಕೊಟ್ಟಿದ್ದರು. ಮೇಲೆ ಒಂದಷ್ಟು ಜೊವಾಂಥಿಡ್ ಇತ್ತು, ಹವಳದ ನೆಂಟನಾದ ಮೆತ್ತಗಿನ ಕಡಲ ಜೀವಿ. (ಗಟ್ಟಿ ಹವಳ ನಾನು ಇಟ್ಟಿಲ್ಲ. ಅವು 2001ರಿಂದ ವನ್ಯಜೀವಿ ಕಾಯ್ದೆಯಡಿ ಸಂರಕ್ಷಿತ.) ಮಡಿಕೇರಿಯ ಚಳಿಗೆ ಹೀಟರ್ ಹಾಕಿ ನೀರನ್ನು 25 ಡಿಗ್ರಿಯಲ್ಲಿ ಇಟ್ಟದ್ದೇ ತಡ, ಒಳಗಿದ್ದವರೆಲ್ಲ ಎದ್ದರು.

ಮೊದಲನೆಯದು ಬ್ರಿಸಲ್ ವರ್ಮ್. ಗುಲಾಬಿ ಮೈ, ಎರಡೂ ಬದಿ ಬಿಳಿ ರೋಮ, ಥೇಟ್ ಕಂಬಳಿಹುಳ. ಚಿಮಟದಿಂದ ಜಾರಿದ್ದನ್ನು ಬರಿಗೈಯಲ್ಲಿ ಹಿಡಿಯಲು ಹೋದೆ. ರೋಮವೆಲ್ಲ ಬೆರಳಲ್ಲಿ ಮುರಿದು ಕೂತಿತು. ಸೆಲ್ಲೋಟೇಪ್ ಅಂಟಿಸಿ ಕಿತ್ತರೂ ಎರಡು ದಿನ ಉರಿ. ಆ ಸಿಟ್ಟಿಗೆ ಒಂದು ವಾರ ನಿದ್ದೆಗೆಟ್ಟು, ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, 11 ಹುಳ ಹಿಡಿದೆ. ಬಿಳಿ ಬೆಳಕು ಕಂಡರೆ ಓಡುತ್ತವೆ, ಕೆಂಪಿಗೆ ಅಷ್ಟಾಗಿ ಹೆದರುವುದಿಲ್ಲ.

ಆಮೇಲೆ ನೋಡಿದರೆ, ಮೀನು ತಿಂದು ಬಿಟ್ಟದ್ದೆಲ್ಲ ಕಲ್ಲಿನ ಸಂದಿಯಲ್ಲೇ ಕೊಳೆಯುತ್ತಿತ್ತು. ಅಷ್ಟು ದಿನ ಅದನ್ನು ತಿಂದು ಗುಡಿಸುತ್ತಿದ್ದದ್ದು ಇವೇ. ಇವು ಹೆಚ್ಚಾದರೆ ನಾವು ಆಹಾರ ಜಾಸ್ತಿ ಹಾಕುತ್ತಿದ್ದೇವೆ ಅಂತ ಲೆಕ್ಕ. ಕಾಫಿಯ ಕಾಂಡಕೊರಕ ಹುಡುಕಿ ಅಭ್ಯಾಸವಾದ ಕಣ್ಣಿಗೆ ಹುಳ ಅಂದರೆ ಶತ್ರುವೇ ಅಲ್ವಾ!

ನಿಜವಾದ ಶತ್ರು ಎದುರಿಗೇ ಹೂವಿನ ಹಾಗೆ ಅರಳಿ ಕೂತಿತ್ತು. ಕಂದು ಕಾಂಡ, ತುದಿಯಲ್ಲಿ ತೆಳ್ಳಗಿನ ಎಳೆಗಳು. "ಇದು ಚೆಂದ ಉಂಟು, ಇದನ್ನು ಕೀಳಬೇಡ" ಅಂದರು ಅವ್ವ. ನಾನೂ ಫೋಟೋ ತೆಗೆದೆ. ಅದು ಐಪ್ಟೇಸಿಯಾ, ಹೂವಲ್ಲ, ಕುಟುಕುವ ಕಡಲ ಪ್ರಾಣಿ. ಎರಡು ತಿಂಗಳಲ್ಲಿ ಒಂದು ಹೋಗಿ ಮೂವತ್ತಾಯಿತು, ಪಕ್ಕದ ಜೊವಾಂಥಿಡ್‌ಗಳು ಕುಟುಕಿಸಿಕೊಂಡು ಮುದುಡಿದವು. ಚಾಕುವಿನಿಂದ ಕೆರೆದೆ. ಅದು ಇನ್ನೂ ದೊಡ್ಡ ತಪ್ಪು. ಕಲ್ಲಿಗೆ ಅಂಟಿ ಉಳಿದ ಚೂರಿನಿಂದಲೂ ಹೊಸದು ಹುಟ್ಟುತ್ತದೆ.

"ಕಲ್ಲನ್ನೇ ಕುದಿಸಿಬಿಡು" ಅಂದ ಒಬ್ಬ ಗೆಳೆಯ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕೆಲವು ಜೊವಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಕುದಿಸಿದ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು.

ಕೊನೆಗೆ ಕೈ ಹಿಡಿದದ್ದು ಸುಣ್ಣ. ಎಲೆಅಡಿಕೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ. ಆದರೆ ಅವ್ವನ ಡಬ್ಬಿಗೆ ಕೈ ಹಾಕಲಿಲ್ಲ, ಅಕ್ವೇರಿಯಂಗೆಂದೇ ಸಿಗುವ ಶುದ್ಧ ಪುಡಿ ತರಿಸಿದೆ. ಆರ್‌ಒ ನೀರಿನಲ್ಲಿ ಟೂತ್‌ಪೇಸ್ಟಿನ ಹದಕ್ಕೆ ಕಲಸಿ, ಪಂಪ್ ನಿಲ್ಲಿಸಿ, ಸಿರಿಂಜಿನಿಂದ ನಿಧಾನವಾಗಿ ಅದರ ಬಾಯಿಗೇ ಬಿಡಬೇಕು. ಮುದುಡಿಕೊಂಡರೆ ಮೇಲೂ ಮುಚ್ಚಬೇಕು. ಒಂದು ದಿನಕ್ಕೆ ಮೂರು ಸಾಕು. ಅದಕ್ಕಿಂತ ಹೆಚ್ಚಾದರೆ ನೀರಿನ ಪಿಎಚ್ ಏರಿ ಮೀನಿಗೆ ಕಷ್ಟ. ನನಗೆ ಒಂದು ತಿಂಗಳು ಹಿಡಿಯಿತು. ಈಗಲೂ ಹಿಂಬದಿಯಲ್ಲಿ ಎರಡೋ ಮೂರೋ ಇವೆ.

ಇನ್ನೊಬ್ಬನ ಮುಖ ನಾನು ಇವತ್ತಿಗೂ ಸರಿಯಾಗಿ ನೋಡಿಲ್ಲ. ರಾತ್ರಿ "ಟಕ್" ಅಂತ ಶಬ್ದ ಬಂದಾಗ ಗಾಜು ಬಿರುಕು ಬಿಟ್ಟಿತು ಅಂತ ಎದ್ದು ಓಡಿದ್ದೆ. ಮೀನನ್ನೇ ಹೊಡೆದು ತಿನ್ನುವ ಮ್ಯಾಂಟಿಸ್ ಸೀಗಡಿಯೇನೋ ಅನ್ನುವ ಹೆದರಿಕೆ. ಮೂರು ರಾತ್ರಿ ಕಾದ ಮೇಲೆ ಬಿಲದ ಬಾಯಲ್ಲಿ ಒಂದು ಕೊಂಬು (ಏಡಿಗಿರುವಂಥ ಇಕ್ಕಳದ ಕಾಲು) ಕಂಡಿತು. ದಪ್ಪ, ಮೈಗೆ ಹೊಂದದಷ್ಟು ದೊಡ್ಡದು. ಪಿಸ್ತೂಲ್ ಸೀಗಡಿ! ಆ ಶಬ್ದ ಕೊಂಬಿಗೆ ಕೊಂಬು ಬಡಿದದ್ದಲ್ಲ. ಕೊಂಬು ಮುಚ್ಚುವ ರಭಸಕ್ಕೆ ಹುಟ್ಟುವ ಗುಳ್ಳೆ ಕುಸಿದದ್ದು. ಇದು ಗೊತ್ತಾದದ್ದೇ 2000ದಲ್ಲಿ. ಮೀನುಗಳ ಲೆಕ್ಕ ಸರಿಯಾಗಿತ್ತು. ಹಾಗಾಗಿ ಚಿಮಟ ಡ್ರಾಯರಿಗೆ ಹೋಯಿತು.

ಮೊನ್ನೆ ಗಾಳಿ ಮಳೆಗೆ ಕರೆಂಟ್ ಹೋಗಿತ್ತು. ಬ್ಯಾಟರಿಯ ಏರ್ ಪಂಪ್ ಹಚ್ಚಿ ಕತ್ತಲೆಯಲ್ಲಿ ಕೂತಿದ್ದೆವು. ಒಳಗಿಂದ "ಟಕ್".

"ಅವನಿಗೆ ಊಟ ಹಾಕಿದ್ದೀಯಾ?" ಅಂತ ಕೇಳಿದರು ಅವ್ವ.