ಆಗುಂಬೆಯ ಎರಡು ತರಗೆಲೆ

ಆಗುಂಬೆಗೆ ಹೋದರೆ ಸೂರ್ಯಾಸ್ತ ನೋಡಲೇಬೇಕು ಅಂತಾರೆ. ನಾವಿದ್ದ ಮೂರು ದಿನವೂ ಮೋಡ. ಶೃಂಗೇರಿ, ಕುಂದಾದ್ರಿ ಎರಡೂ ಆಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಒಂದು ತರಗೆಲೆ.

ಉಳಿದುಕೊಂಡ ಮನೆಯ ಹಿಂದೆ ಕೊಳೆತ ಬಾಳೆಹಣ್ಣು ಎಸೆದಿದ್ದರು. ಪಕ್ಕದಲ್ಲೇ ಬಿದ್ದಿದ್ದ ಎಲೆ, ನಾನು ಕಾಲಿಡುವಷ್ಟರಲ್ಲಿ ಎದ್ದು ಹಾರಿತು. ಕಡುನೀಲಿ! ಮತ್ತೆ ಪೊದೆಯಲ್ಲಿ ಕೂತು ರೆಕ್ಕೆ ಮಡಚಿದ್ದೇ ತಡ, ಮಾಯ. ಬ್ಲೂ ಓಕ್‌ಲೀಫ್ ಚಿಟ್ಟೆ. ಹಿಂದಿನ ರೆಕ್ಕೆಯ ಬಾಲವೇ ಎಲೆಯ ತೊಟ್ಟು, ಅಲ್ಲಿಂದ ರೆಕ್ಕೆಯ ತುದಿವರೆಗೆ ನಡುನರದಂಥ ಗೆರೆ, ಮೇಲೆ ಬೂಷ್ಟು ಹಿಡಿದಂಥ ಚುಕ್ಕೆ. ಒಂದರ ಹಾಗೆ ಇನ್ನೊಂದು ಇರುವುದೂ ಅಪರೂಪ. ಹೂವಿನ ಕಡೆ ಇದಕ್ಕೆ ಅಷ್ಟು ಮನಸ್ಸಿಲ್ಲ, ಕೊಳೆತ ಹಣ್ಣು ಬೇಕು, ಮರದ ರಸ ಬೇಕು.

ಅದನ್ನು ಹುಡುಕುತ್ತಾ ಅರ್ಧ ಗಂಟೆ ನಿಂತೆ. ಅಷ್ಟರಲ್ಲಿ ಇಂಬಳಗಳು ಮೊಣಕಾಲು ದಾಟಿದ್ದವು. ಪೇಟೆಯಲ್ಲಿ ಇನ್ನೂರು ರೂಪಾಯಿ ಕೊಟ್ಟು ತಂದ ಲೋಷನ್ ಮಳೆಗೆ ತೊಳೆದೇ ಹೋಗಿತ್ತು. ಸುಮ್ನೆ ದುಡ್ಡು ದಂಡ. ಹೋಗುವವರು ಹೊಗೆಸೊಪ್ಪು, ಸುಣ್ಣ ಕಟ್ಟಿಕೊಂಡು ಹೋಗಿ.

ರಾತ್ರಿ ಜಗಲಿಯ ಗೋಡೆ ಮೇಲೆ ಇನ್ನೊಂದು ತರಗೆಲೆ. ಚಿಟ್ಟೆಯ ಹಾಗೆ ರೆಕ್ಕೆ ಎತ್ತಿ ಜೋಡಿಸಿರಲಿಲ್ಲ, ಹೆಂಚಿನ ಮಾಡಿನ ಹಾಗೆ ಇಳಿಬಿಟ್ಟಿತ್ತು. ಮೀಸೆಯ ತುದಿಯಲ್ಲಿ ಗುಂಡಿಯೂ ಇಲ್ಲ. ಪತಂಗವೇ. ಕಡ್ಡಿ ತಾಗಿಸಿದೆ. ಕಂದು ರೆಕ್ಕೆ ಸರಿದು ಕೆಳಗಿನ ಕಿತ್ತಳೆ ಬಣ್ಣ, ಕಪ್ಪು ಕೊಕ್ಕೆ ಗುರುತು ಫಕ್ಕನೆ ಕಂಡವು. ಬೆಚ್ಚಿ ಹಿಂದೆ ಸರಿದೆ. ನಿಜ ಹೇಳಬೇಕೆಂದರೆ ನೀಲಿಗಿಂತ ಇದೇ ಜಾಸ್ತಿ ಇಷ್ಟವಾಯಿತು.

“ಇದೇ ಮಾರಾಯ್ರೆ, ನಮ್ಮ ಕಿತ್ತಳೆ ಹಾಳು ಮಾಡೋದು,” ಅಂದರು ಮನೆಯ ಅಮ್ಮ.

ನಿಜವೇ. ಯುಡೋಸಿಮಾ ಜಾತಿಯ ಈ ಪತಂಗಗಳ ಸೊಂಡಿಲು ಗಟ್ಟಿ, ತುದಿಯಲ್ಲಿ ಮುಳ್ಳು. ರಾತ್ರಿ ಸಿಪ್ಪೆಗೆ ಚುಚ್ಚಿ ರಸ ಹೀರುತ್ತವೆ. ತೂತಾದ ಹಣ್ಣು ಕೊಳೆತು ಉದುರುತ್ತದೆ. ಚಿಟ್ಟೆಗೆ ಬೇಕಾದದ್ದೂ ಅಂಥದ್ದೇ ಹಣ್ಣು, ಅಲ್ವಾ!

“ಅಮ್ಮ, ಇದರ ಹುಳ ತಿನ್ನೋದು ಅಮೃತಬಳ್ಳಿ ಎಲೆ,” ಅಂದೆ. ಬೇಲಿ ತುಂಬ ಅದೇ ಹಬ್ಬಿತ್ತು.

ಅವರು ಬೇಲಿ ಕಡೆ ನೋಡಿದರು. “ಹಾಗಾದ್ರೆ ನಾವೇ ಸಾಕಿದ್ದು ಅನ್ನಿ.”

“ಕಡಿಸ್ತೀರಾ?”

“ಜ್ವರ ಬಂದ್ರೆ ಕಷಾಯಕ್ಕೆ ಏನ್ ಮಾಡ್ಲಿ? ಹಣ್ಣು ಪೇಟೇಲಿ ಸಿಗುತ್ತೆ,” ಅಂದವರೇ ಜಗಲಿ ದೀಪ ಆರಿಸಿದರು.