ಶನಿವಾರದ ಬಟವಾಡೆ

"ಪಾಪವು ಕೊಡುವ ಸಂಬಳ ಮರಣ." ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದ 23ನೇ ವಚನ ಇದು. ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ತಪ್ಪು ಮಾಡಿದವನನ್ನು ದೇವರು ಸಾಯಿಸುತ್ತಾನೆ, ಇಷ್ಟೇ ಅದರ ಅರ್ಥ ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಸಂಬಳ ಹಂಚುವುದೇ ನನ್ನ ಕೆಲಸವಾಗಿದ್ದರೂ 'ಸಂಬಳ' ಅನ್ನುವ ಮಾತಿನ ಮೇಲೆ ಗಮನ ಹೋಗಿರಲಿಲ್ಲ.

1986ರಲ್ಲಿ ನಾನು ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದೆ. ಶನಿವಾರ ಮಧ್ಯಾಹ್ನ ಬಟವಾಡೆ. ಹಸಿ ಹಂಚು ಹೊರುವ ಹೆಂಗಸರು ಸಾಲಾಗಿ ನಿಲ್ಲುತ್ತಿದ್ದರು, ಸೆರಗಿನ ತುದಿಯಲ್ಲಿ ಒಣಗಿದ ಆವೆಮಣ್ಣು. ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದುಕೊಂಡು ಹೋಗುವರು. ಒಂದು ವಾರ ನಿಜವಾಗಿಯೂ ಚಿಲ್ಲರೆ ಇರಲಿಲ್ಲ. "ಎಂಟಾಣೆ ಮುಂದಿನ ವಾರ ಕೊಡುತ್ತೇನೆ" ಅಂದೆ. ಮುಂದಿನ ವಾರ ಯಾರೂ ಕೇಳಲಿಲ್ಲ. ಆಮೇಲೆ ಚಿಲ್ಲರೆ ಇದ್ದರೂ ಇಲ್ಲ ಅಂದೆ. ಹನ್ನೊಂದು ಜನ, ತಲೆಗೆ ಎಂಟಾಣೆ, ವಾರಕ್ಕೆ ಐದೂವರೆ ರೂಪಾಯಿ. ಒಂದು ವರ್ಷ ಹೀಗೆಯೇ ನಡೆಯಿತು. ಒಟ್ಟು ಲೆಕ್ಕ ಹಾಕಿದರೆ 300 ರೂಪಾಯಿಯೂ ಆಗುವುದಿಲ್ಲ.

ಅವರಲ್ಲಿ ಒಬ್ಬ ಅಕ್ಕ ಮಾತ್ರ ದುಡ್ಡನ್ನು ನನ್ನ ಮೇಜಿನ ಮುಂದೆಯೇ ನಿಂತು ಎಣಿಸುತ್ತಿದ್ದರು. ಎಡಗೈ ಅಂಗೈಯಲ್ಲಿ ನಾಣ್ಯಗಳನ್ನು ಹರವಿ, ಹೆಬ್ಬೆಟ್ಟಿನಿಂದ ಒಂದೊಂದನ್ನೇ ಸರಿಸಿ ಎಣಿಸುವರು. ಆ ಹೆಬ್ಬೆಟ್ಟಿಗೆ ಇನ್ನೂ ನನ್ನ ಪ್ಯಾಡಿನ ನೀಲಿ ಶಾಯಿ ಮೆತ್ತಿರುತ್ತಿತ್ತು. ಎಣಿಸಿ ಮುಗಿಸಿ ಒಮ್ಮೆ ನನ್ನ ಮುಖ ನೋಡಿ, ಏನೂ ಹೇಳದೆ ಹೋಗಿಬಿಡುತ್ತಿದ್ದರು.

ನಾನು ಸಿಕ್ಕಿಬೀಳಲಿಲ್ಲ. ದೇವರ ಶಿಕ್ಷೆಯೂ ಬರಲಿಲ್ಲ.

ನಿವೃತ್ತನಾದ ಮೇಲೆ ಬೈಬಲ್ ಅಧ್ಯಯನದ ಕೂಟಕ್ಕೆ ಹೋಗತೊಡಗಿದೆ. ಒಂದು ಸಂಜೆ ಸಭಾಪಾಲಕರು ಈ ವಚನದ ಗ್ರೀಕ್ ಪದವನ್ನು ಬಿಡಿಸಿ ಹೇಳಿದರು. ಸಂಬಳಕ್ಕೆ ಅಲ್ಲಿರುವುದು 'ಒಪ್ಸೋನಿಯಾ'. ರೊಟ್ಟಿಗೆ ನಂಚಿಕೊಳ್ಳುವ ಪದಾರ್ಥಕ್ಕೆ, ಅದರಲ್ಲೂ ಮೀನಿಗೆ, 'ಒಪ್ಸೋನ್' ಅನ್ನುತ್ತಿದ್ದರಂತೆ. ಅದನ್ನು ಕೊಳ್ಳಲು ಸಿಪಾಯಿಗೆ ಕೊಡುವ ದುಡ್ಡೇ ಕ್ರಮೇಣ ಸಂಬಳವಾಯಿತು. ಗಂಜಿಗೆ ಮೀನು ಬೇಕೆನ್ನುವ ನಮ್ಮ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಸ್ನಾನಿಕನಾದ ಯೋಹಾನನು ಸಿಪಾಯಿಗಳಿಗೆ ನಿಮ್ಮ ಸಂಬಳದಲ್ಲೇ ತೃಪ್ತರಾಗಿರಿ ಎನ್ನುವಾಗಲೂ ಇದೇ ಪದ. ರೋಮಾಪುರದ ಪತ್ರದಲ್ಲಿ ಅದು ಬಹುವಚನದಲ್ಲಿದೆ. ಸಿಪಾಯಿಗೆ ಮತ್ತೆ ಮತ್ತೆ ಸಿಗುತ್ತಿದ್ದ ದುಡ್ಡು ಅದು.

ಮತ್ತೆ ಮತ್ತೆ ಅನ್ನುವ ಮಾತು ಕಿವಿಗೆ ಬಿದ್ದಾಗ ನನಗೆ ಶನಿವಾರದ ಆ ಸಾಲು ಕಣ್ಣ ಮುಂದೆ ಬಂತು. ನಾನು ಅವರಿಗೆ ಬಟವಾಡೆ ಮಾಡುತ್ತಿದ್ದ ಹೊತ್ತಿಗೇ ನನಗೂ ಒಂದು ಬಟವಾಡೆ ಆಗುತ್ತಿತ್ತು. ದಾರಿಯಲ್ಲಿ ಆ ಹೆಂಗಸರು ಎದುರಾದರೆ ರಸ್ತೆ ದಾಟಿಬಿಡುತ್ತಿದ್ದೆ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಎರಡೆರಡು ಸಲ ಎಣಿಸುತ್ತಿದ್ದೆ. ಹೆಂಡತಿ ಸಾಮಾನಿನ ಲೆಕ್ಕ ಹೇಳಿದರೆ ನಂಬದೆ ಚೀಟಿ ಕೇಳುತ್ತಿದ್ದೆ. ನನ್ನೊಳಗೆ ಏನೋ ವಾರ ವಾರವೂ ಸಾಯುತ್ತಿತ್ತು, ಒಂದು ವಾರವೂ ಬಾಕಿ ಉಳಿಯದಂತೆ.

ನಮ್ಮ ಕನ್ನಡ ಬೈಬಲ್ 'ಪಾಪವು ಕೊಡುವ' ಅಂತ ಎಷ್ಟು ಬಿಡಿಸಿ ಹೇಳಿದೆ ಅನ್ನುವುದನ್ನೂ ಅಂದೇ ಗಮನಿಸಿದ್ದು. ಸಂಬಳ ಕೊಡುವ ಧಣಿ ಪಾಪ. ದೇವರ ಹೆಸರು ಬರುವುದು ವಚನದ ಎರಡನೇ ಅರ್ಧದಲ್ಲಿ, ಅಲ್ಲಿ ಸಂಬಳದ ಮಾತೇ ಇಲ್ಲ, ಇರುವುದು ಉಚಿತವಾದ ವರ. ಮರಣವನ್ನು ಹಂಚುವವನು ದೇವರು ಅಂತ ನಾನು ಅಷ್ಟು ವರ್ಷ ತಪ್ಪಾಗಿ ಓದಿಕೊಂಡು, ಅವನಿಗೆ ಹೆದರಿ ದೂರ ನಿಂತಿದ್ದೆ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಈ ಪತ್ರವನ್ನು ಪೌಲನು ಹೇಳುತ್ತಾ ಹೋದಂತೆ ಬರೆದುಕೊಂಡವನು ತೆರ್ತ್ಯ, ಅವನ ಹೆಸರು ಕೊನೆಯ ಅಧ್ಯಾಯದಲ್ಲಿದೆ. ಅವನ ಕೈಯೂ ನನ್ನ ಕೈಯಂತೆ ಬರೆಯುವ ಕೈ.

ಹನ್ನೊಂದು ಹೆಸರು ಇನ್ನೂ ನೆನಪಿದ್ದವು. ಮೊದಲು ಆ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಸುವಾರ್ತೆಯಲ್ಲಿ ಸುಂಕ ವಸೂಲಿಯ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದಿದ್ದ; ಎಂಟಾಣೆಯ ಬೆಲೆ ಈಗ ಎಷ್ಟೆಂದು ತೋಚದೆ ಸಾವಿರ ರೂಪಾಯಿ ಲಕೋಟೆಯಲ್ಲಿ ಹಾಕಿಕೊಂಡು ಹೋಗಿದ್ದೆ. ಅವರು ನೋಟುಗಳನ್ನು ತೆಗೆದು ಅಂಗೈ ಮೇಲಿಟ್ಟು ಹೆಬ್ಬೆಟ್ಟಿನಿಂದ ಸರಿಸುತ್ತಾ ಎಣಿಸಿದರು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಉಳಿದವರಿಗೆ ಕೊಟ್ಟಿರಾ ರೈಟ್ರೇ?" ಅಂತ ತುಳುವಿನಲ್ಲಿ ಕೇಳಿದರು.

ಇಲ್ಲ ಅಂದೆ. ಯಾರ ಮನೆ ಎಲ್ಲಿ, ಯಾರ ಮಕ್ಕಳು ಎಲ್ಲಿದ್ದಾರೆ ಅಂತ ಅವರು ಹೇಳುತ್ತಾ ಹೋದರು. ನಾನು ಲಕೋಟೆಯ ಹಿಂದೆ ಬರೆದುಕೊಂಡೆ.