ಸುಲಭದ ದಾರಿಯಾ?

ಏಪ್ರಿಲ್ 4, 2025, ಶುಕ್ರವಾರ
ಬೆಂಗಳೂರು, ರಾತ್ರಿ 11.40

ಮೊನ್ನೆ ಮನೆಯಲ್ಲೇ ರೆಕಾರ್ಡ್ ಮಾಡಿದ ಹಾಡೊಂದನ್ನು ಗೆಳೆಯನಿಗೆ ಕಳಿಸಿದ್ದೆ. ಎರಡು ಸಾಲಿನ ಪಲ್ಲವಿ, ಒಂದು ಚರಣ, ಜೊತೆಗೆ ನನ್ನ ಪಿಟೀಲು. ಅಷ್ಟೇ. ಇಷ್ಟು ವರ್ಷ ನಾವಿಬ್ಬರೂ ರಾಗ, ತಾಳ ಎರಡನ್ನೂ ಬದಿಗಿಟ್ಟು ಬರೀ ಸದ್ದಿನ ಜೊತೆ ಪ್ರಯೋಗ ಮಾಡಿದವರು. ಅವನ ಉತ್ತರ ಇವತ್ತು ಬಂತು: "ಕೊನೆಗೂ ಸುಲಭದ ದಾರಿ ಹಿಡಿದ್ಯಾ?"

ಬೇಜಾರಾಯಿತು. ಸುಮ್ನೆ ಅಮೆರಿಕದ ಸಂಗೀತಗಾರ ಆರ್ಥರ್ ರಸೆಲ್‌ನ ಹಾಡು ಹಾಕಿಕೊಂಡು ಕೂತೆ. 1992ರಲ್ಲಿ ಇದೇ ದಿನ ಅವನು ಏಡ್ಸ್‌ನಿಂದ ತೀರಿಕೊಂಡ. ಆಗ ಅವನಿಗೆ 40 ವರ್ಷ.

ಅಮೆರಿಕದ ಅಯೋವಾ ರಾಜ್ಯದ ಆಸ್ಕಲೂಸಾ ಎಂಬ ಸಣ್ಣ ಊರಿನ ಹುಡುಗ. ಹದಿಹರೆಯದಲ್ಲೇ ಮನೆ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬೌದ್ಧರ ಗುಂಪೊಂದನ್ನು ಸೇರಿದ. ಅವನ ವಾದ್ಯ ಚೆಲ್ಲೊ, ಪಿಟೀಲಿನ ದೊಡ್ಡಣ್ಣ. ಅಲ್ಲಿ ಅದನ್ನು ನುಡಿಸಲು ಬಿಡುತ್ತಿರಲಿಲ್ಲವಂತೆ. ಬಟ್ಟೆ ಇಡುವ ಕಿರುಕೋಣೆಯೊಳಗೆ ಸೇರಿಕೊಂಡು ನುಡಿಸುತ್ತಿದ್ದನಂತೆ. ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಾಲೆಯಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತ. ಅವನ ದನಿ ಸ್ವರದಿಂದ ಸ್ವರಕ್ಕೆ ಜಾರುವಾಗಲೆಲ್ಲ ನನಗೆ ಸರೋದಿನ ಮೀಂಡ್ ನೆನಪಾಗುತ್ತದೆ.

ಆಮೇಲೆ ನ್ಯೂಯಾರ್ಕ್. ಅಲ್ಲಿ ದಿ ಕಿಚನ್ ಎಂಬ ಕಲಾವೇದಿಕೆ ಅಂದರೆ ಪ್ರಯೋಗದವರ ಅಡ್ಡಾ. 1974-75ರಲ್ಲಿ ಅಲ್ಲಿಯ ಸಂಗೀತ ಕಾರ್ಯಕ್ರಮಗಳ ಹೊಣೆ ಅವನದು. ಅಂಥ ಜಾಗಕ್ಕೆ ಅವನು ಮಾಡರ್ನ್ ಲವರ್ಸ್ ಎಂಬ ರಾಕ್ ಬ್ಯಾಂಡನ್ನು ಕರೆಸಿದ. ಎಷ್ಟು ಧೈರ್ಯ, ಅಲ್ವಾ? ಡಿಸ್ಕೋ ಮಾಡಿದ, ವಾದ್ಯವೃಂದಕ್ಕೂ ಬರೆದ. 1986ರ 'ವರ್ಲ್ಡ್ ಆಫ್ ಎಕೋ' ಆಲ್ಬಮ್‌ಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಮೂರೇ ಉಳಿದಿದ್ದವು: ಅವನ ದನಿ, ಚೆಲ್ಲೊ, ಪ್ರತಿಧ್ವನಿ.

ಅವನ ಮನೆ ಈಸ್ಟ್ 12ನೇ ಬೀದಿಯಲ್ಲಿತ್ತು, ಕವಿ ಅಲೆನ್ ಗಿನ್ಸ್‌ಬರ್ಗ್ ಇದ್ದ ಕಟ್ಟಡದಲ್ಲೇ. ಒಂದು ಕಾಲಕ್ಕೆ ಗಿನ್ಸ್‌ಬರ್ಗ್ ಮನೆಯಿಂದ ವೈರ್ ಎಳೆದು ಇವನಿಗೆ ಕರೆಂಟ್ ಕೊಟ್ಟಿದ್ದರಂತೆ. ಆ ಸಣ್ಣ ಮನೆಯಲ್ಲಿ ಕೀಬೋರ್ಡ್, ಡ್ರಮ್ ಮಷೀನ್, ಚೆಲ್ಲೊ ಇಟ್ಟುಕೊಂಡು ಪಾಪ್ ಹಾಡು ಕಟ್ಟುತ್ತಿದ್ದ. ಕಟ್ಟಿದ್ದನ್ನು ಕ್ಯಾಸೆಟ್‌ಗೆ ಹಾಕಿ, ವಾಕ್‌ಮನ್ ಕಿವಿಗೆ ಸಿಕ್ಕಿಸಿಕೊಂಡು ಸ್ಟ್ಯಾಟನ್ ಐಲೆಂಡ್ ದೋಣಿಯಲ್ಲಿ ಕೂತು ಕೇಳುತ್ತಿದ್ದ. ವಾಪಸ್ ಬಂದು ಮತ್ತೆ ತಿದ್ದುತ್ತಿದ್ದ. ಒಂದೊಂದು ಹಾಡಿಗೆ 40ರಷ್ಟು ರೂಪ ಇದ್ದದ್ದೂ ಉಂಟಂತೆ. ಅವನು ಹೋದಾಗ ಸಾವಿರದಷ್ಟು ಟೇಪ್ ಉಳಿದಿದ್ದವು. ಸಂಗಾತಿ ಟಾಮ್ ಲೀ ಅವನ್ನೆಲ್ಲ ಜೋಪಾನ ಮಾಡಿದರು. 2004ರಿಂದ ಆಡಿಕಾ ಎಂಬ ಸಣ್ಣ ಕಂಪನಿ ಒಂದೊಂದಾಗಿ ಹೊರತರುತ್ತಾ ಬಂತು. ಇಲ್ಲದಿದ್ದರೆ ಆ ಹಾಡುಗಳಲ್ಲಿ ಎಷ್ಟೋ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಇವತ್ತು 'ಎ ಲಿಟ್ಲ್ ಲಾಸ್ಟ್' ಹಾಡನ್ನು ಆರು ಸಲ ಕೇಳಿದೆ. ಮೂರು ನಿಮಿಷ ಚಿಲ್ಲರೆಯ ಪ್ರೇಮಗೀತೆ. ಮಗುವೂ ಗುನುಗಬಹುದಾದ ಧಾಟಿ. ಚೆಲ್ಲೊ ಕಡೆ ಕಿವಿ ಕೊಟ್ಟರೆ ಬೇರೆಯೇ ಕಥೆ. ಕಮಾನು ತಂತಿಯನ್ನು ಕಚಕಚ ಕತ್ತರಿಸಿದ ಹಾಗೆ ಓಡುತ್ತದೆ. ಡ್ರಮ್ ಇಲ್ಲ, ಬೇಕು ಅಂತಲೂ ಅನಿಸುವುದಿಲ್ಲ. ಪಕ್ಕವಾದ್ಯವೂ ಅದೇ, ತಾಳವೂ ಅದೇ. ಕಮಾನು ಹಿಡಿದ ನನ್ನ ಕೈಗೆ ಗೊತ್ತು, ಹಾಡುತ್ತಾ ಹಾಗೆ ನುಡಿಸುವುದು ಎಷ್ಟು ಕಷ್ಟ ಅಂತ. ಕಿಚನ್‌ನಲ್ಲಿ ಕಲಿತದ್ದನ್ನು ಅವನು ಎಲ್ಲೂ ಬಿಟ್ಟುಬಂದಿರಲಿಲ್ಲ.

ಗೆಳೆಯನಿಗೆ ಆ ಹಾಡನ್ನು ಕಳಿಸಿದ್ದೇನೆ. ಜೊತೆಗೆ ಒಂದೇ ಸಾಲು: "ಚೆಲ್ಲೊ ಮಾತ್ರ ಕೇಳು."

ಈಗ ಫ್ಯಾನ್ ನಿಲ್ಲಿಸಬೇಕು. ಸೆಕೆ ಜಾಸ್ತಿ ಇದೆ, ಆದರೆ ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆ. ಪಲ್ಲವಿಯ ಎರಡನೇ ಸಾಲಿನಲ್ಲಿ ಪಿಟೀಲು ನನ್ನ ದನಿಯನ್ನು ಮುಚ್ಚುತ್ತಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.